ಪುಸ್ತಕ ಆಕೆಯದು, ಹಣ ಯಾರದು?

1809ರ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ಕ್ರಾಸ್ಬಿ ಪ್ರಕಾಶನಕ್ಕೆ ಸೌತಾಂಪ್ಟನ್ ಊರಿನಿಂದ ಒಂದು ಪತ್ರ ಬಂತು. ಆರು ವರ್ಷದ ಹಿಂದೆ 'ಸೂಸನ್' ಎಂಬ ಕಾದಂಬರಿಯ ಹಸ್ತಪ್ರತಿಯನ್ನು ನೀವು ಕೊಂಡಿರಿ, ಬೇಗನೆ ಅಚ್ಚು ಹಾಕಿಸುವುದಾಗಿ ಹೇಳಿದಿರಿ, ಇದುವರೆಗೂ ಪುಸ್ತಕ ಬಂದಿಲ್ಲ. ಪ್ರತಿ ಕಳೆದುಹೋಗಿದ್ದರೆ ಮತ್ತೊಂದನ್ನು ಕಳಿಸುತ್ತೇನೆ, ನಿಮ್ಮಿಂದ ಉತ್ತರವೇ ಬರದಿದ್ದರೆ ಬೇರೆ ಪ್ರಕಾಶಕರನ್ನು ನೋಡಿಕೊಳ್ಳುತ್ತೇನೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಮಿಸೆಸ್ ಆಷ್ಟನ್ ಡೆನಿಸ್ ಎಂಬ ಸಹಿ. ಮೂರು ದಿನದಲ್ಲಿ ಉತ್ತರ ಹೊರಟಿತು: ಇಂತಿಷ್ಟು ಕಾಲದೊಳಗೆ ಪ್ರಕಟಿಸಬೇಕೆಂಬ ಕರಾರೇನೂ ಇಲ್ಲ, ಬೇರೆ ಯಾರಾದರೂ ಅಚ್ಚು ಹಾಕಿದರೆ ತಡೆಯುತ್ತೇವೆ, ಬೇಕಿದ್ದರೆ ನಾವು ಕೊಟ್ಟ 10 ಪೌಂಡನ್ನು ಹಿಂದಿರುಗಿಸಿ ಹಸ್ತಪ್ರತಿ ತೆಗೆದುಕೊಂಡು ಹೋಗಿ. ಆಷ್ಟನ್ ಡೆನಿಸ್ ಎಂಬ ಹೆಂಗಸು ಇರಲೇ ಇಲ್ಲ. ಪತ್ರ ಬರೆದವಳು ಜೇನ್ ಆಸ್ಟಿನ್. ಆಗ ಆಕೆಗೆ 33 ವರ್ಷ, ಒಂದು ಪುಸ್ತಕವೂ ಹೊರಬಂದಿರಲಿಲ್ಲ. ಹಸ್ತಪ್ರತಿ ಆಕೆಯ ಕೈಗೆ ಮರಳಿದ್ದು 1816ರಲ್ಲಿ, ಅಣ್ಣ ಹೆನ್ರಿ ಅದೇ 10 ಪೌಂಡ್ ಎಣಿಸಿಕೊಟ್ಟ ಮೇಲೆ. ಅಷ್ಟರಲ್ಲಿ 'ಪ್ರೈಡ್ ಅಂಡ್ ಪ್ರಿಜುಡಿಸ್' ಮನೆಮಾತಾಗಿತ್ತು; ಆ ಪುಸ್ತಕ ಬರೆದವಳ ಕೃತಿಯನ್ನೇ ಹತ್ತು ಪೌಂಡಿಗೆ ಬಿಟ್ಟುಕೊಟ್ಟಿರಿ ಎಂಬ ಸುದ್ದಿಯನ್ನು ವ್ಯವಹಾರ ಮುಗಿದ ಮೇಲೆ ಪ್ರಕಾಶಕನಿಗೆ ತಿಳಿಸಲಾಯಿತೆಂದು ಆಕೆಯ ಮನೆಯವರು ದಾಖಲಿಸಿದ್ದಾರೆ. ಇಂದು ನಾವು 'ನಾರ್ತ್‌ಆ್ಯಂಗರ್ ಆ್ಯಬಿ' ಎಂದು ಓದುವುದು ಆ ಕಾದಂಬರಿಯನ್ನೇ.

ರೊಮ್ಯಾಂಟಿಕ್ ಮತ್ತು ವಿಕ್ಟೋರಿಯನ್ ಕಾಲದ ಇಂಗ್ಲೆಂಡಿನ ಲೇಖಕಿಯರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರ ಸಂಕೋಚದಿಂದ ಶುರುಮಾಡುತ್ತಾರೆ. ಹೆಣ್ಣು ಬರೆಯುವುದು ಮರ್ಯಾದೆಯಲ್ಲ ಎಂಬ ಕಾಲ, ಹಾಗಾಗಿ ಅವರು ಹೆಸರು ಮರೆಸಿಕೊಂಡರು, ಗಂಡಸರ ಹೆಸರಿನ ಹಿಂದೆ ಅಡಗಿದರು ಎಂಬುದು ಆ ಕಥೆ. ಆಸ್ಟಿನ್ ಮಟ್ಟಿಗೆ ಇದಕ್ಕೆ ರೂಪ ಕೊಟ್ಟವರು ಆಕೆಯ ಮನೆಯವರೇ. ಆಕೆ ತೀರಿಕೊಂಡ 1817ರಲ್ಲೇ ಹೆನ್ರಿ ಬರೆದ ಪರಿಚಯದಲ್ಲಿ ಕೀರ್ತಿಯಾಗಲಿ ಲಾಭವಾಗಲಿ ಆಕೆಯನ್ನು ಬರವಣಿಗೆಗೆ ಹಚ್ಚಲಿಲ್ಲವೆಂದು ಹೇಳಿದ. 1869ರ ಕೊನೆಯಲ್ಲಿ ಸೋದರಳಿಯ ಹೊರತಂದ ಜೀವನಚರಿತ್ರೆಯಲ್ಲಿ, ಯಾರಾದರೂ ಒಳಗೆ ಬಂದರೆ ಬರೆಯುತ್ತಿದ್ದ ಸಣ್ಣ ಹಾಳೆಗಳನ್ನು ಮುಚ್ಚಿಡುತ್ತಿದ್ದ ಅವಿವಾಹಿತ ಅತ್ತೆಯ ಚಿತ್ರ ಬಂತು. ಆ ಚಿತ್ರವೇ ನಿಂತುಬಿಟ್ಟಿದೆ. ಕ್ರಾಸ್ಬಿಗೆ ಬರೆದ ಪತ್ರವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಬೇರೆಯೇ ವ್ಯಕ್ತಿ ಎದ್ದು ಬರುತ್ತಾಳೆ. ಅಲ್ಲಿ ಕಲ್ಪಿತ ಹೆಸರು ಇಟ್ಟುಕೊಂಡದ್ದು ಮಾತು ಬಿಗಿಯಾಗಿ ಆಡುವುದಕ್ಕೆ, ತನ್ನ ಆಸ್ತಿಯನ್ನು ಕೇಳುವುದಕ್ಕೆ. ಈ ನೂರು ವರ್ಷಗಳ ಲೇಖಕಿಯರನ್ನು ಅರಿಯಬೇಕಾದರೆ ಅವರ ನಾಚಿಕೆಗಿಂತ ಮೊದಲು ಅವರ ಲೆಕ್ಕದ ಪುಸ್ತಕ, ಕರಾರು ಪತ್ರ ಮತ್ತು ಕೋರ್ಟಿನ ದಾಖಲೆಗಳನ್ನು ನೋಡಬೇಕು ಎಂಬುದು ನನ್ನ ವಾದ. ಅವರ ದಾರಿಗೆ ಅಡ್ಡ ನಿಂತದ್ದು ಬರೆಯಬಾರದೆಂಬ ನಿಷೇಧಕ್ಕಿಂತ ಹೆಚ್ಚಾಗಿ, ಬರೆದು ಗಳಿಸಿದ್ದು ಯಾರ ಸ್ವತ್ತು ಎಂಬ ಪ್ರಶ್ನೆ.

ಆಸ್ಟಿನ್ ಲೆಕ್ಕ ಚೆನ್ನಾಗಿಯೇ ಉಳಿದಿದೆ. 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' 1811ರಲ್ಲಿ ಲೇಖಕಿಯ ಖರ್ಚಿನಲ್ಲೇ ಅಚ್ಚಾಯಿತು. ನಷ್ಟವಾದರೆ ಆಕೆಯದು, ಲಾಭ ಬಂದರೆ ಪ್ರಕಾಶಕನ ಕಮಿಷನ್ ಕಳೆದು ಉಳಿದದ್ದು ಆಕೆಯದು. ಮೊದಲ ಆವೃತ್ತಿ ಪೂರ್ತಿ ಖರ್ಚಾಗಿ 140 ಪೌಂಡ್ ಬಂತು. 'ಪ್ರೈಡ್ ಅಂಡ್ ಪ್ರಿಜುಡಿಸ್' ಹಕ್ಕುಸ್ವಾಮ್ಯಕ್ಕೆ 150 ಕೇಳಿದ್ದಳು, ಪ್ರಕಾಶಕ ಎಜರ್ಟನ್ 110 ಕೊಟ್ಟ. ಬರೆದು ಬರೆದೇ ಈಗ 250 ಪೌಂಡ್ ಗಳಿಸಿದ್ದೇನೆಂದು ನೌಕಾಪಡೆಯಲ್ಲಿದ್ದ ಅಣ್ಣನಿಗೆ ಹೆಮ್ಮೆಯಿಂದಲೇ ತಿಳಿಸಿದಳು. ಹೊಗಳಿಕೆ ಎಲ್ಲರಂತೆ ನನಗೂ ಇಷ್ಟ, ಹಣವೂ ಇಷ್ಟ ಎಂದು ಅಣ್ಣನ ಮಗಳಿಗೆ ಬರೆದವಳೂ ಈಕೆಯೇ. 1815ರಲ್ಲಿ ಪ್ರಕಾಶಕ ಜಾನ್ ಮರ್ರಿ 'ಎಮ್ಮಾ' ಜೊತೆಗೆ ಹಿಂದಿನ ಎರಡು ಕಾದಂಬರಿಗಳ ಹಕ್ಕನ್ನೂ ಸೇರಿಸಿ 450 ಪೌಂಡ್ ಕೊಡುತ್ತೇನೆಂದಾಗ ಆಕೆ ಒಪ್ಪಲಿಲ್ಲ, ಮತ್ತೆ ಕಮಿಷನ್ ವ್ಯವಸ್ಥೆಗೇ ಹೋದಳು. ಆ ನಿರ್ಧಾರ ಹಣದ ದೃಷ್ಟಿಯಿಂದ ಫಲಿಸಲಿಲ್ಲ. 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಎರಡನೇ ಆವೃತ್ತಿಯ ನಷ್ಟವನ್ನು 'ಎಮ್ಮಾ' ಲಾಭದಿಂದ ಕಳೆದಾಗ ಆಕೆಯ ಪಾಲಿಗೆ ಉಳಿದದ್ದು 38 ಪೌಂಡ್ ಚಿಲ್ಲರೆ. ಮರ್ರಿ ಹೇಳಿದ ಬೆಲೆಗೆ ಒಪ್ಪಿದ್ದರೆ ಹೆಚ್ಚು ಸಿಗುತ್ತಿತ್ತು, ನಿಜ. ಆದರೆ ಲಾಭದ ಕನಸು ಕಂಡು ನಷ್ಟದ ಭಾರ ಹೊರಲು ಸಿದ್ಧಳಾದದ್ದು, ಹಕ್ಕನ್ನು ಬಿಟ್ಟುಕೊಡಲು ಒಪ್ಪದೆ ಹಟ ಹಿಡಿದದ್ದು ಹವ್ಯಾಸಕ್ಕೆ ಬರೆಯುವವರ ಲಕ್ಷಣವಲ್ಲ. ಮದುವೆಯಾಗದ ಕಾರಣ ಆಕೆಯ ಗಳಿಕೆ ಆಕೆಯದೇ ಆಗಿತ್ತು. ಅದನ್ನು ಸರ್ಕಾರಿ ಸಾಲಪತ್ರದಲ್ಲಿ ತೊಡಗಿಸಿದಳು. ತಾಯಿ ಮತ್ತು ಅಕ್ಕನೊಂದಿಗೆ ಅಣ್ಣಂದಿರ ನೆರವಿನಿಂದ ಬದುಕುತ್ತಿದ್ದ ಹೆಣ್ಣಿಗೆ ಆ ಪುಟ್ಟ ಬಡ್ಡಿ ಎಷ್ಟು ದೊಡ್ಡದಾಗಿತ್ತೆಂದು ಆಕೆಯ ಪತ್ರಗಳಲ್ಲಿ ಕಾಣುತ್ತದೆ.

ಮದುವೆಯಾದವರ ಪಾಡು ಬೇರೆ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನ ಪ್ರಕಾರ ಗಂಡ ಹೆಂಡತಿ ಇಬ್ಬರೂ ಸೇರಿ ಒಬ್ಬ ವ್ಯಕ್ತಿ, ಆ ವ್ಯಕ್ತಿ ಗಂಡ. 1765ರಿಂದ ಹೊರಬಂದ ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್‌ನ ವ್ಯಾಖ್ಯಾನ ಇದನ್ನು ಇಡೀ ದೇಶದ ವಕೀಲರ ಬಾಯಿಪಾಠ ಮಾಡಿಸಿತ್ತು. ಹೆಂಡತಿಯ ನಗದು, ಒಡವೆ, ಕೂಲಿ, ಸಂಭಾವನೆ ಎಲ್ಲವೂ ಆತನದು. ಆಕೆ ತನ್ನ ಹೆಸರಿನಲ್ಲಿ ಕರಾರು ಮಾಡುವಂತಿಲ್ಲ, ದಾವೆ ಹೂಡುವಂತಿಲ್ಲ. ಇದರ ಅರ್ಥ ಏನೆಂಬುದನ್ನು ಷಾರ್ಲೆಟ್ ಸ್ಮಿತ್ ಬದುಕಿನಲ್ಲಿ ಕಾಣಬಹುದು. ಹದಿನೈದು ತುಂಬಿದಾಗಲೇ ಮದುವೆಯಾದ ಆಕೆಗೆ ಹನ್ನೆರಡು ಮಕ್ಕಳು. ಗಂಡ ಬೆಂಜಮಿನ್ ಸಾಲ ಮಾಡಿ ಕಿಂಗ್ಸ್ ಬೆಂಚ್ ಸೆರೆಮನೆ ಸೇರಿದಾಗ ಆಕೆಯೂ ಕೆಲಕಾಲ ಅಲ್ಲೇ ಅವನ ಜೊತೆಗಿದ್ದಳು. ಅಲ್ಲಿಂದಲೇ 1784ರಲ್ಲಿ 'ಎಲಿಜಿಯಾಕ್ ಸಾನೆಟ್ಸ್' ಅಚ್ಚಿಗೆ ಹೋಯಿತು, ಅದರ ಗಳಿಕೆ ಗಂಡನನ್ನು ಹೊರಗೆ ತರಲು ನೆರವಾಯಿತು. ಆ ಪುಸ್ತಕದ ಮುಖಪುಟದಲ್ಲಿ ಆಕೆ ಹೆಸರು ಮರೆಸಲಿಲ್ಲ. ಸಸೆಕ್ಸ್ ಪ್ರಾಂತ್ಯದ ಬಿಗ್ನರ್ ಪಾರ್ಕಿನ ಷಾರ್ಲೆಟ್ ಸ್ಮಿತ್ ಎಂದು ತವರಿನ ಎಸ್ಟೇಟಿನ ವಿಳಾಸ ಸಮೇತ ಹಾಕಿಸಿದಳು. ಒಳ್ಳೆಯ ಮನೆತನದ ಹೆಣ್ಣು ಸೆರೆಮನೆಯ ಬಾಗಿಲಿಗೆ ಬಂದು ನಿಂತಿದ್ದಾಳೆಂದು ಓದುಗರಿಗೆ ಗೊತ್ತಾಗಲಿ, ಪುಸ್ತಕ ಹೋಗಲಿ ಎಂಬ ಎಣಿಕೆ ಅದರಲ್ಲಿದೆ ಎಂದು ನನಗನಿಸುತ್ತದೆ. ಹೆಸರು ಹಾಕುವುದೂ ಹಾಕದಿರುವುದೂ ಒಂದೇ ಲೆಕ್ಕಾಚಾರದ ಎರಡು ದಾರಿಗಳು.

1787ರಲ್ಲಿ ಷಾರ್ಲೆಟ್ ಗಂಡನನ್ನು ಬಿಟ್ಟು ಮಕ್ಕಳೊಂದಿಗೆ ಬೇರೆಯಾದಳು. ಬೇರೆ ಮನೆ ಮಾಡಿದರೂ ಕಾನೂನಿಗೆ ಆಕೆ ಅವನ ಹೆಂಡತಿಯೇ. ವರ್ಷಕ್ಕೊಂದರಂತೆ ಕಾದಂಬರಿ ಬರೆದು ಮಕ್ಕಳನ್ನು ಸಾಕುತ್ತಿದ್ದವಳ ಹಣದ ಮೇಲೆ ಅವನಿಗೆ ಹಕ್ಕಿತ್ತು, ಆ ಹಕ್ಕನ್ನು ಅವನು ಚಲಾಯಿಸಿದ. ಮಾವ ರಿಚರ್ಡ್ ಸ್ಮಿತ್ ದೊಡ್ಡ ವ್ಯಾಪಾರಿ. ಮಗನ ದುಂದು ಗೊತ್ತಿದ್ದರಿಂದ ಮೊಮ್ಮಕ್ಕಳಿಗೆ ಆಸ್ತಿ ಉಳಿಯಲೆಂದು ತಾನೇ ಕೂತು ಉಯಿಲು ಬರೆದ. ಅದು ಎಷ್ಟು ಗೋಜಲಾಗಿತ್ತೆಂದರೆ 1776ರಲ್ಲಿ ಆತ ಸತ್ತ ಮೇಲೆ ಚಾನ್ಸರಿ ನ್ಯಾಯಾಲಯದಲ್ಲಿ ಸಿಕ್ಕಿಕೊಂಡ ವ್ಯಾಜ್ಯ ತೀರಿದ್ದು 1813ರಲ್ಲಿ. ಷಾರ್ಲೆಟ್ 1806ರಲ್ಲೇ ತೀರಿಕೊಂಡಿದ್ದಳು. ಆಕೆ ತನ್ನ ಪುಸ್ತಕಗಳ ಮುನ್ನುಡಿಗಳಲ್ಲಿ ವಕೀಲರನ್ನೂ ಟ್ರಸ್ಟಿಗಳನ್ನೂ ಬಹಿರಂಗವಾಗಿ ದೂರಿದಳು, ಕಾದಂಬರಿಗಳಲ್ಲಿ ಅವರನ್ನು ಪಾತ್ರ ಮಾಡಿದಳು. ವಿಮರ್ಶಕರು ಗೊಣಗಿದರು, ಖಾಸಗಿ ಗೋಳು ಸಾಹಿತ್ಯದಲ್ಲಿ ಯಾಕೆ ಎಂದರು. ಆದರೆ ಆ ಗೋಳು ಖಾಸಗಿಯಾಗಿರಲಿಲ್ಲ, ಅದು ದೇಶದ ಕಾನೂನಿನ ವರ್ಣನೆ. 1798ರಲ್ಲಿ, ಮೇರಿ ವೂಲ್‌ಸ್ಟನ್‌ಕ್ರಾಫ್ಟ್ ತೀರಿಕೊಂಡ ಮರುವರ್ಷ, ಅಚ್ಚಾದ ಆಕೆಯ ಅಪೂರ್ಣ ಕಾದಂಬರಿ 'ಮರಾಯಾ'ದಲ್ಲೂ ಗಂಡ ಹೆಂಡತಿಯನ್ನು ಹುಚ್ಚಾಸ್ಪತ್ರೆಗೆ ಹಾಕಿಸುವುದರ ಹಿಂದೆ ಇರುವುದು ಆಸ್ತಿಯ ಆಸೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕಾನೂನು ಅಷ್ಟು ಕಟುವಾಗಿತ್ತಾದರೂ ಉಳ್ಳವರು ಮದುವೆಗೆ ಮುಂಚೆಯೇ ಒಪ್ಪಂದ ಮಾಡಿಸಿ ಮಗಳ ಪಾಲನ್ನು ಟ್ರಸ್ಟಿಗಳ ಕೈಗೆ ಒಪ್ಪಿಸುತ್ತಿದ್ದರು, ಚಾನ್ಸರಿ ನ್ಯಾಯಾಲಯ ಅದನ್ನು ಮಾನ್ಯ ಮಾಡುತ್ತಿತ್ತು; ಹಾಗಾಗಿ ಮಧ್ಯಮವರ್ಗದ ಲೇಖಕಿಯರಿಗೆ ಈ ಕಾನೂನು ನಿಜವಾಗಿ ತಟ್ಟಲಿಲ್ಲ ಎಂದು ಹೇಳುವವರಿದ್ದಾರೆ. ಅರ್ಧ ಸತ್ಯ. ಒಪ್ಪಂದಕ್ಕೆ ಮದುವೆಯ ಹೊತ್ತಿಗೆ ಕೈಯಲ್ಲಿ ಆಸ್ತಿ ಇರಬೇಕು, ವಕೀಲರಿಗೆ ಕೊಡಲು ಹಣ ಬೇಕು, ಹುಡುಗಿಯ ಪರವಾಗಿ ಹಟ ಹಿಡಿಯುವ ತಂದೆ ಬೇಕು. ಲೇಖಕಿಯ ಆಸ್ತಿ ಹಾಗಲ್ಲ. ಅದು ಇನ್ನೂ ಬರೆಯದ ಪುಸ್ತಕದಲ್ಲಿರುತ್ತದೆ. ಮದುವೆಯ ದಿನ ಅದಕ್ಕೆ ಬೆಲೆ ಕಟ್ಟುವವರು ಯಾರು? ಷಾರ್ಲೆಟ್ ಬ್ರಾಂಟೆ ಮಾತ್ರ ಇದರಲ್ಲಿ ಅದೃಷ್ಟವಂತೆ. 1854ರಲ್ಲಿ ಆರ್ಥರ್ ಬೆಲ್ ನಿಕಲ್ಸ್‌ನನ್ನು ಮದುವೆಯಾಗುವ ಹೊತ್ತಿಗೆ ಆಕೆಗೆ 38 ವರ್ಷ, 'ಜೇನ್ ಐರ್', 'ಷರ್ಲಿ', 'ವಿಲೆಟ್' ಮೂರೂ ಬಂದು ಹಣ ಕೂಡಿತ್ತು. ಆ ಹಣ ಗಂಡನ ಕೈ ಸೇರದಂತೆ, ತನಗೆ ಮಕ್ಕಳಿಲ್ಲದಿದ್ದರೆ ತಂದೆಗೆ ಹೋಗುವಂತೆ ಒಪ್ಪಂದ ಮಾಡಿಸಿದಳು. ಮರುವರ್ಷ ಸಾಯುವ ಮುನ್ನ ಮನಸ್ಸು ಬದಲಾಯಿಸಿ ಉಯಿಲಿನಲ್ಲಿ ಗಂಡನಿಗೇ ಬರೆದಿಟ್ಟಳು. ಹಣ ಕೊನೆಗೆ ಅವನಿಗೇ ಸೇರಿತಲ್ಲ ಎನ್ನಬಹುದು. ಸೇರಿತು, ಆದರೆ ಆಕೆ ಕೊಟ್ಟಿದ್ದರಿಂದ ಸೇರಿತು. ಮದುವೆಯಾದ ಕ್ಷಣಕ್ಕೆ ಕಾನೂನು ಅದನ್ನು ಎತ್ತಿ ಅವನ ಕೈಗೆ ಹಾಕಲಿಲ್ಲ.

ಬ್ರಾಂಟೆ ಸೋದರಿಯರ ಹೆಸರುಗಳ ಕಥೆಯನ್ನೂ ಈ ಬೆಳಕಿನಲ್ಲಿ ಮತ್ತೆ ಓದಬೇಕು. 1846ರಲ್ಲಿ ಕರರ್, ಎಲಿಸ್, ಆ್ಯಕ್ಟನ್ ಬೆಲ್ ಎಂಬ ಹೆಸರುಗಳಲ್ಲಿ ಕವಿತೆಗಳ ಪುಸ್ತಕ ಬಂತು. ಅಚ್ಚಿನ ಖರ್ಚು ಅವರದೇ, ಅದು ತಾಯಿಯ ಅಕ್ಕ ಎಲಿಜಬೆತ್ ಬ್ರ್ಯಾನ್‌ವೆಲ್ ಬಿಟ್ಟುಹೋದ ಹಣ. ಎರಡೇ ಪ್ರತಿ ಖರ್ಚಾದವು. ಈ ಹೆಸರುಗಳನ್ನು ಯಾಕೆ ಆರಿಸಿಕೊಂಡೆವೆಂದು ಷಾರ್ಲೆಟ್ 1850ರಲ್ಲಿ ತಾನೇ ವಿವರಿಸಿದ್ದಾಳೆ: ಲೇಖಕಿಯರನ್ನು ಪೂರ್ವಗ್ರಹದಿಂದ ನೋಡುತ್ತಾರೆಂಬ ಅಳುಕು ಇತ್ತು, ಗಂಡು ಹೆಣ್ಣು ಎಂದು ಗೊತ್ತಾಗದ ಹೆಸರು ಬೇಕಿತ್ತು. ಅದಕ್ಕೂ ಮುಂಚೆ, 1837ರಲ್ಲಿ, ಆಸ್ಥಾನಕವಿ ರಾಬರ್ಟ್ ಸದಿ ಸಾಹಿತ್ಯ ಹೆಣ್ಣಿನ ಬದುಕಿನ ಕಸುಬಾಗಲಾರದು, ಆಗಕೂಡದು ಎಂದು ಆಕೆಗೆ ಪತ್ರದಲ್ಲಿ ಬುದ್ಧಿ ಹೇಳಿದ್ದ. ಹೀಗಿರುವಾಗ ಸಂಕೋಚ, ಭಯ ಇರಲಿಲ್ಲವೆಂದು ಹೇಗೆ ಹೇಳುತ್ತೀರಿ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಷಾರ್ಲೆಟ್ ಮಾತನ್ನು ಗಮನವಿಟ್ಟು ಓದಿದರೆ ಆಕೆ ಹೆದರಿದ್ದು ಊರಿನ ಬಾಯಿಗಿಂತ ವಿಮರ್ಶಕರ ತಕ್ಕಡಿಗೆ. ಹೆಣ್ಣೆಂದು ತಿಳಿದರೆ ಒಂದೋ ಚುಚ್ಚುತ್ತಾರೆ, ಇಲ್ಲವೇ ಸುಳ್ಳು ಮೆಚ್ಚುಗೆ ಹೊದಿಸುತ್ತಾರೆ ಎಂಬುದು ಆಕೆಯ ದೂರು. ಅದು ಕಸುಬುದಾರಳ ದೂರು. ಸದಿಯ ಬುದ್ಧಿಮಾತೂ ಕಸುಬಿನ ಕುರಿತೇ ಇತ್ತು. ಬರೆಯಬೇಡ ಎಂದು ಅವನೂ ಹೇಳಲಿಲ್ಲ, ಅದನ್ನು ಬದುಕಿನ ಕೆಲಸ ಮಾಡಿಕೊಳ್ಳಬೇಡ ಎಂದ.

ಆ ಹೆಸರುಗಳ ಮರೆ ಯಾವಾಗ, ಯಾಕೆ ಸರಿಯಿತು ಎಂಬುದು ಇನ್ನೂ ದೊಡ್ಡ ಸಾಕ್ಷಿ. 1847ರ ಅಕ್ಟೋಬರಿನಲ್ಲಿ ಸ್ಮಿತ್ ಎಲ್ಡರ್ ಸಂಸ್ಥೆಯಿಂದ ಬಂದ 'ಜೇನ್ ಐರ್' ಗೆದ್ದಿತ್ತು. ಎಮಿಲಿ ಮತ್ತು ಆ್ಯನ್ ತಮ್ಮ 'ವುದರಿಂಗ್ ಹೈಟ್ಸ್', 'ಆ್ಯಗ್ನೆಸ್ ಗ್ರೇ' ಅಚ್ಚಿಗೆ ಥಾಮಸ್ ನ್ಯೂಬಿ ಎಂಬವನಿಗೆ 50 ಪೌಂಡ್ ಮುಂಗಡ ಕಟ್ಟಿದ್ದರು. ಆ್ಯನ್‌ಳ ಎರಡನೇ ಕಾದಂಬರಿ 'ದಿ ಟೆನಂಟ್ ಆಫ್ ವೈಲ್ಡ್‌ಫೆಲ್ ಹಾಲ್' 1848ರಲ್ಲಿ ಬಂದಾಗ ನ್ಯೂಬಿ ಅದನ್ನು 'ಜೇನ್ ಐರ್' ಬರೆದ ಕರರ್ ಬೆಲ್‌ನದೇ ಎಂದು ಅಮೆರಿಕದ ಪ್ರಕಾಶಕರಿಗೆ ನಂಬಿಸಲು ಹೊರಟ. ಕರರ್ ಬೆಲ್‌ನ ಮುಂದಿನ ಪುಸ್ತಕವನ್ನು ಬೇರೊಂದು ಅಮೆರಿಕನ್ ಸಂಸ್ಥೆಗೆ ಕೊಡುತ್ತೇವೆಂದು ಸ್ಮಿತ್ ಎಲ್ಡರ್ ಮಾತು ಕೊಟ್ಟಿತ್ತು. ಸಂಸ್ಥೆಯಿಂದ ಹಾವರ್ತ್ ಊರಿಗೆ ವಿವರಣೆ ಕೇಳುವ ಪತ್ರ ಬಂತು. ಆ ದಿನವೇ ಷಾರ್ಲೆಟ್ ಮತ್ತು ಆ್ಯನ್ ಬಿರುಗಾಳಿ ಮಳೆಯಲ್ಲಿ ಕೀತ್ಲಿಗೆ ನಡೆದುಹೋಗಿ, ಲೀಡ್ಸ್ ಮುಟ್ಟಿ, ರಾತ್ರಿಯ ರೈಲು ಹತ್ತಿ, ಬೆಳಿಗ್ಗೆ ಲಂಡನ್ನಿನ ಕಾರ್ನ್‌ಹಿಲ್ ಬೀದಿಯ ಕಚೇರಿಗೆ ಬಂದರು. ಸಂಸ್ಥೆಯ ಒಡೆಯ ಜಾರ್ಜ್ ಸ್ಮಿತ್ ಬರೆದಿದ್ದ ಪತ್ರವನ್ನೇ ಷಾರ್ಲೆಟ್ ಅವನ ಕೈಗಿಟ್ಟಳು. ಯಾವ ಗಾಳಿಸುದ್ದಿಗೂ, ಯಾವ ವಿಮರ್ಶಕನ ಊಹೆಗೂ ಬಾಯಿಬಿಡದವರು ಕರಾರಿನ ವಿಷಯದಲ್ಲಿ ತಮ್ಮ ಪ್ರಾಮಾಣಿಕತೆಗೆ ಕಳಂಕ ತಟ್ಟುತ್ತದೆಂದಾಗ ಒಂದು ದಿನವೂ ತಡಮಾಡಲಿಲ್ಲ. ಕಲ್ಪಿತ ಹೆಸರು ಅವರಿಗೆ ಗೌರವದ ಮುಸುಕಾಗಿದ್ದರೆ ಅದನ್ನು ಕೊನೆಯವರೆಗೂ ಹಿಡಿದುಕೊಳ್ಳುತ್ತಿದ್ದರು. ಅದು ವ್ಯವಹಾರದ ಹೆಸರಾಗಿತ್ತು. ವ್ಯವಹಾರ ಕೆಡುವ ಹೊತ್ತಿಗೆ ಅದನ್ನು ತೆಗೆದಿಟ್ಟರು.

ಹೆಸರಿಲ್ಲದೆ ಬರೆಯುವುದು ಹೆಂಗಸರ ಪಾಡು ಮಾತ್ರವೂ ಆಗಿರಲಿಲ್ಲ. ವಾಲ್ಟರ್ ಸ್ಕಾಟ್ 1814ರಲ್ಲಿ 'ವೇವರ್ಲಿ'ಯನ್ನು ಹೆಸರು ಹಾಕದೆ ಹೊರತಂದ, ಮುಂದೆ ಹತ್ತಾರು ಕಾದಂಬರಿಗಳನ್ನು ಆ ಪುಸ್ತಕದ ಕರ್ತೃ ಎಂಬ ಗುರುತಿನಲ್ಲೇ ಮಾರಿದ. ಡಿಕನ್ಸ್ ನಡೆಸಿದ 'ಹೌಸ್‌ಹೋಲ್ಡ್ ವರ್ಡ್ಸ್' ವಾರಪತ್ರಿಕೆಯಲ್ಲಿ ಗಂಡು ಹೆಣ್ಣು ಎನ್ನದೆ ಸಾಮಾನ್ಯವಾಗಿ ಲೇಖಕರ ಹೆಸರುಗಳೇ ಇರುತ್ತಿರಲಿಲ್ಲ; ಮೇಲೆ ಡಿಕನ್ಸ್ ಹೆಸರೊಂದೇ. ಶತಮಾನದ ಕೊನೆಗೆ ವಿಲಿಯಂ ಷಾರ್ಪ್ ಎಂಬ ಗಂಡಸು ಫಿಯೋನಾ ಮೆಕ್ಲಿಯೋಡ್ ಎಂಬ ಹೆಣ್ಣಿನ ಹೆಸರಿನಲ್ಲಿ ಬರೆದು ಹೆಚ್ಚು ಓದಿಸಿಕೊಂಡ. ಇನ್ನೊಂದು ಕಡೆ ಹ್ಯಾರಿಯೆಟ್ ಮಾರ್ಟಿನೊ, ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಸ್ವಂತ ಹೆಸರಿನಲ್ಲೇ ಮೆರೆದರು. ಮಿಸೆಸ್ ಹೆನ್ರಿ ವುಡ್ ಎಂಬ ಹೆಸರು 'ಈಸ್ಟ್ ಲಿನ್' ಆದಮೇಲೆ ಮಾರಾಟದ ಮುದ್ರೆಯೇ ಆಗಿಹೋಯಿತು, ಆಕೆ ಮುಂದೆ 'ಆರ್ಗಸಿ' ಪತ್ರಿಕೆಯ ಒಡತಿ ಮತ್ತು ಸಂಪಾದಕಿಯಾದಳು. ಹೆಸರು ತನ್ನ ಇಷ್ಟದ್ದೂ ಆಗದೆ ಬೇರೆಯವರ ಹಣಕ್ಕೆ ಕಟ್ಟುಬಿದ್ದವಳೂ ಒಬ್ಬಳಿದ್ದಾಳೆ, ಮೇರಿ ಶೆಲ್ಲಿ. 1818ರಲ್ಲಿ 'ಫ್ರಾಂಕೆನ್‌ಸ್ಟೈನ್' ಹೆಸರಿಲ್ಲದೆ 500 ಪ್ರತಿ ಅಚ್ಚಾದಾಗ ಅದು ಆಕೆಯ ಗಂಡನದೇ ಕೃತಿಯೆಂದು ಸ್ಕಾಟ್ ಕೂಡ ಭಾವಿಸಿದ್ದ. ಗಂಡ ಮುಳುಗಿ ಸತ್ತಮೇಲೆ ಮಾವ ಸರ್ ಟಿಮೊಥಿ ಶೆಲ್ಲಿ ಮೊಮ್ಮಗನಿಗಾಗಿ ವರ್ಷಾಶನ ಕೊಡಲು ಒಪ್ಪಿದ, ಶೆಲ್ಲಿ ಮನೆತನದ ಹೆಸರು ಪತ್ರಿಕೆಗಳಲ್ಲಿ ಕಾಣಕೂಡದೆಂಬ ಷರತ್ತಿನ ಮೇಲೆ. 1824ರಲ್ಲಿ ಆಕೆ ಹೊರತಂದ ಗಂಡನ ಕವಿತೆಗಳ ಸಂಪುಟವನ್ನು ಮಾರಾಟದಿಂದ ಹಿಂತೆಗೆಸಿದ. 'ದಿ ಲಾಸ್ಟ್ ಮ್ಯಾನ್' 1826ರಲ್ಲಿ 'ಫ್ರಾಂಕೆನ್‌ಸ್ಟೈನ್' ಕರ್ತೃವಿನದೆಂದಷ್ಟೇ ಹೇಳಿಕೊಂಡು ಬಂತು. ಇದನ್ನು ಸ್ತ್ರೀಸಹಜ ಸಂಕೋಚವೆಂದು ಬಣ್ಣಿಸುವುದು ಆಕೆಗೆ ಮಾಡುವ ಅನ್ಯಾಯ.

ಜಾರ್ಜ್ ಎಲಿಯಟ್ ವಿಷಯ ಇನ್ನೂ ಸಿಕ್ಕಲು. ಆ ಹೆಸರಿನಲ್ಲಿ ಬರೆದ ಮೇರಿಯನ್ ಎವನ್ಸ್ 1851ರಿಂದ 'ವೆಸ್ಟ್‌ಮಿನ್‌ಸ್ಟರ್ ರಿವ್ಯೂ' ಪತ್ರಿಕೆಯನ್ನು ಹೆಸರಿಲ್ಲದೆ ಸಂಪಾದಿಸುತ್ತಿದ್ದವಳು, ಸಾಹಿತ್ಯದ ಪೇಟೆ ಹೇಗೆ ನಡೆಯುತ್ತದೆಂದು ಒಳಗಿಂದಲೇ ಬಲ್ಲವಳು. ಬೇರೆಯವಳನ್ನು ಮದುವೆಯಾಗಿದ್ದು ವಿಚ್ಛೇದನ ಸಿಗದ ಜಾರ್ಜ್ ಲೂಯಿಸ್ ಜೊತೆ 1854ರಿಂದ ಬಾಳುತ್ತಿದ್ದಳು. ಸಭ್ಯ ಮನೆಗಳ ಬಾಗಿಲು ಆಕೆಗೆ ಮುಚ್ಚಿದ್ದವು. ಈ ಅಪವಾದ ಪುಸ್ತಕದ ಮಾರಾಟಕ್ಕೆ ಪೆಟ್ಟು ಕೊಡಬಾರದೆಂಬ ಕಾರಣಕ್ಕೂ ಗಂಡಿನ ಹೆಸರು ಬೇಕಾಗಿತ್ತು. 1859ರಲ್ಲಿ 'ಆ್ಯಡಂ ಬೀಡ್' ಬಂದು ಗೆದ್ದಾಗ ವಾರಿಕ್‌ಷೈರ್ ಕಡೆಯ ಜೋಸೆಫ್ ಲಿಗಿನ್ಸ್ ಎಂಬವನೇ ಅದನ್ನು ಬರೆದದ್ದೆಂದು ಸುದ್ದಿ ಹಬ್ಬಿ, ಪ್ರಕಾಶಕರು ಅವನಿಗೆ ಏನೂ ಕೊಡಲಿಲ್ಲವೆಂದು ಅವನಿಗಾಗಿ ಹಣ ಎತ್ತುವ ಮಟ್ಟಿಗೆ ಹೋಯಿತು. ನಿಜವಾದ ಹೆಸರು ಹೊರಬಿದ್ದದ್ದು ಆ ಗದ್ದಲದಿಂದ. ಬಿದ್ದ ಮೇಲೆ ಆಕೆಯ ಪ್ರಕಾಶಕರಾದ ಬ್ಲ್ಯಾಕ್‌ವುಡ್ ಸಂಸ್ಥೆ ಮುಂದಿನ ಪುಸ್ತಕದ ಮಾರಾಟ ಏನಾದೀತೆಂದು ಅಳುಕಿತು, ಆದರೆ 'ದಿ ಮಿಲ್ ಆನ್ ದ ಫ್ಲಾಸ್' ಚೆನ್ನಾಗಿಯೇ ಹೋಯಿತು. ಆಕೆ ಎಲಿಯಟ್ ಎಂಬ ಹೆಸರನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಅದು ಆಕೆ ದುಡಿದು ಕಟ್ಟಿದ ಬಂಡವಾಳ. 'ರೊಮೊಲ'ಕ್ಕೆ ಜಾರ್ಜ್ ಸ್ಮಿತ್ 10,000 ಪೌಂಡ್ ಹೇಳಿದಾಗ ಅವನು ಕೇಳಿದಷ್ಟು ಕಂತುಗಳಿಗೆ ಕಥೆಯನ್ನು ಎಳೆಯಲು ಒಪ್ಪದೆ 7,000ಕ್ಕೆ ಸಾಕೆಂದಳು. ಇದರಲ್ಲಿ ಇನ್ನೊಂದು ಸತ್ಯವಿದೆ, ಅದನ್ನು ಆ ಕಾಲದ ನೀತಿವಂತರು ಗಮನಿಸಿದಂತಿಲ್ಲ. ಲೂಯಿಸ್ ಜೊತೆ ಕಾನೂನಿನ ಮದುವೆ ಆಗದ ಕಾರಣ ಎವನ್ಸ್ ಕಾನೂನಿನ ಕಣ್ಣಿಗೆ ಒಂಟಿ ಹೆಣ್ಣು. ಆಕೆಯ ಪ್ರತಿಯೊಂದು ಪೌಂಡೂ ಆಕೆಯದೇ. ಊರು ಬಹಿಷ್ಕರಿಸಿದ ಹೆಣ್ಣಿಗಿದ್ದ ಹಕ್ಕು ಪಾದ್ರಿಯ ಮರ್ಯಾದಸ್ಥ ಹೆಂಡತಿಗೆ ಇರಲಿಲ್ಲ.

ಆ ಪಾದ್ರಿಯ ಹೆಂಡತಿ ಎಲಿಜಬೆತ್ ಗ್ಯಾಸ್ಕೆಲ್. ಗಂಡ ವಿಲಿಯಂ ಮ್ಯಾಂಚೆಸ್ಟರಿನಲ್ಲಿ ಯೂನಿಟೇರಿಯನ್ ಪಾದ್ರಿ, ಒಳ್ಳೆಯ ಮನುಷ್ಯ, ಆಕೆ ಬರೆಯುವುದಕ್ಕೆ ಒತ್ತಾಸೆಯಾಗಿದ್ದವನು. 1850ರಲ್ಲಿ ಡಿಕನ್ಸ್ ಪತ್ರಿಕೆ ಒಂದು ಕಥೆಗೆ 20 ಪೌಂಡ್ ಕಳಿಸಿದಾಗ ಆಕೆಗೆ ಇಷ್ಟೊಂದೇ ಎಂದು ಬೆರಗಾಯಿತು; ವಿಲಿಯಂ ಆ ಹಣವನ್ನು ಏನೂ ಆಗದವನಂತೆ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡನೆಂದು ಆಕೆ ಗೆಳತಿಗೆ ಬರೆದಳು. ತನಗೆ ಬೇಕಾದ ಧರ್ಮಕಾರ್ಯಕ್ಕೆ ಸ್ವಲ್ಪ ಕೊಡುವುದಾಗಿ ಮಾತು ಕೊಟ್ಟಿದ್ದಾನೆಂದೂ ಸೇರಿಸಿದಳು. ಕ್ರೂರ ಗಂಡಂದಿರ ಕಥೆಗಳಿಗಿಂತ ಈ ಪುಟ್ಟ ಪ್ರಸಂಗ ಕಾನೂನಿನ ನಿಜಸ್ವರೂಪವನ್ನು ಚೆನ್ನಾಗಿ ಬಿಚ್ಚಿಡುತ್ತದೆ. ಅಲ್ಲಿ ಜಗಳವಿಲ್ಲ, ದ್ವೇಷವಿಲ್ಲ, ಆದರೂ ದುಡಿದವಳು ಕೇಳಿ ಪಡೆಯಬೇಕು. ಹದಿನೈದು ವರ್ಷದ ಮೇಲೆ ಆಕೆ ಹ್ಯಾಂಪ್‌ಷೈರಿನ ಹೋಲಿಬೋರ್ನ್‌ನಲ್ಲಿ ತನ್ನ ಬರವಣಿಗೆಯ ಬಲದಿಂದ ಮನೆಯೊಂದನ್ನು ಕೊಂಡಳು, ಗಂಡನಿಗೆ ತಿಳಿಸದೆಯೇ.

ಕ್ರೂರ ಗಂಡನ ಕಥೆಯೂ ಇದೆ, ಅದೇ ಕಾನೂನನ್ನು ಅಲುಗಿಸಿತು. ನಾಟಕಕಾರ ಷೆರಿಡನ್‌ನ ಮೊಮ್ಮಗಳು ಕ್ಯಾರೊಲಿನ್ 1827ರಲ್ಲಿ ಜಾರ್ಜ್ ನಾರ್ಟನ್‌ನನ್ನು ಮದುವೆಯಾದಳು. ಅವನು ಹೊಡೆಯುತ್ತಿದ್ದ, ಆಕೆ ಕವಿತೆ ಕಾದಂಬರಿ ಬರೆದು ಮನೆ ನಡೆಸುತ್ತಿದ್ದಳು. 1836ರಲ್ಲಿ ಪ್ರಧಾನಿ ಮೆಲ್ಬರ್ನ್ ಮೇಲೆ ತನ್ನ ಹೆಂಡತಿಯೊಂದಿಗೆ ಸಂಬಂಧವಿದೆಯೆಂದು ದಾವೆ ಹೂಡಿ ಜಾರ್ಜ್ ಸೋತ, ಆದರೂ ಮೂವರು ಗಂಡುಮಕ್ಕಳನ್ನು ತನ್ನ ವಶದಲ್ಲಿಟ್ಟುಕೊಂಡ. ಆಕೆಯ ಕರಪತ್ರಗಳ ಹೋರಾಟದಿಂದ 1839ರಲ್ಲಿ ಎಳೆಯ ಮಕ್ಕಳ ಪಾಲನೆಗಾಗಿ ತಾಯಿ ಕೋರ್ಟಿಗೆ ಹೋಗಬಹುದೆಂಬ ಕಾಯ್ದೆ ಬಂತು. ಮುಂದೆ ಅವನು ಜೀವನಾಂಶದ ಒಪ್ಪಂದಕ್ಕೆ ಸಹಿ ಹಾಕಿ, ಆಕೆಗೆ ತಾಯಿಯಿಂದ ಸ್ವಲ್ಪ ಹಣ ಬಂದಕೂಡಲೇ ಕೊಡುವುದನ್ನು ನಿಲ್ಲಿಸಿದ. ಗಂಡ ಹೆಂಡತಿ ಒಂದೇ ವ್ಯಕ್ತಿಯಾದ್ದರಿಂದ ಅವರ ನಡುವೆ ಕರಾರು ಆಗಲಾರದು, ಹಾಗಾಗಿ ಆ ಸಹಿಗೆ ಬೆಲೆಯಿಲ್ಲ. 1853ರಲ್ಲಿ ಗಾಡಿ ರಿಪೇರಿಯವನ ಬಾಕಿಯ ಮೊಕದ್ದಮೆಯಲ್ಲಿ ಆಕೆ ಪುಸ್ತಕಗಳಿಂದ ಎಷ್ಟು ಗಳಿಸುತ್ತಾಳೆಂಬುದು ತೆರೆದ ಕೋರ್ಟಿನಲ್ಲಿ ಚರ್ಚೆಯಾಯಿತು. ಮರುವರ್ಷ, ಅದರ ಮರುವರ್ಷ ಎರಡು ಪ್ರಖರ ಪುಸ್ತಿಕೆಗಳು ಬಂದವು. ಎರಡನೆಯದು ವಿಕ್ಟೋರಿಯಾ ರಾಣಿಗೇ ಬರೆದ ಬಹಿರಂಗ ಪತ್ರ. ಈ ಪುಸ್ತಿಕೆಯ ಹಕ್ಕುಸ್ವಾಮ್ಯವನ್ನೂ ನನ್ನ ಗಂಡ ಬೇಕಾದರೆ ಕೇಳಲಿ ಎಂದು ಅದರಲ್ಲಿ ಸವಾಲೆಸೆದಳು. ಕಾನೂನು ಅವನ ಪರವಾಗಿಯೇ ಇತ್ತು. ಹೆಣ್ಣು ಗಂಡಿಗೆ ಸಮಾನಳೆಂದು ತಾನು ಹೇಳುತ್ತಿಲ್ಲವೆಂದು ನಾರ್ಟನ್ ಒತ್ತಿ ಹೇಳಿದ್ದಕ್ಕಾಗಿ ನಂತರದವರು ಆಕೆಯನ್ನು ಹಗುರವಾಗಿ ಕಂಡಿದ್ದಾರೆ. ನನಗೆ ಆ ತಾತ್ಸಾರ ಒಪ್ಪಿಗೆಯಿಲ್ಲ. ಸಿದ್ಧಾಂತದಲ್ಲಿ ಹಿಂದೆ ಉಳಿದವಳು ಕಾಯ್ದೆಯ ಕಲಮುಗಳನ್ನು ಬದಲಾಯಿಸಿದಳು. 1857ರ ವಿಚ್ಛೇದನ ಕಾಯ್ದೆಯಲ್ಲಿ ಗಂಡ ಬಿಟ್ಟುಹೋದ ಹೆಂಡತಿಯ ಗಳಿಕೆಗೆ ರಕ್ಷಣೆ ಸಿಕ್ಕಿದ್ದರ ಹಿಂದೆ ಆಕೆಯ ಪುಸ್ತಿಕೆಗಳಿವೆ.

ಅದೇ ಹೊತ್ತಿಗೆ ಬಾರ್ಬರಾ ಲೀ ಸ್ಮಿತ್ ಹೆಂಗಸರಿಗೆ ಸಂಬಂಧಿಸಿದ ಕಾನೂನುಗಳನ್ನು ಸರಳ ಮಾತಿನಲ್ಲಿ ವಿವರಿಸುವ ಸಣ್ಣ ಪುಸ್ತಕ ಬರೆದು, ವಿವಾಹಿತ ಸ್ತ್ರೀಯರ ಆಸ್ತಿ ಹಕ್ಕಿನ ಮನವಿಗೆ ಸಹಿ ಸಂಗ್ರಹ ಶುರುಮಾಡಿದ್ದಳು. 1856ರಲ್ಲಿ ಸಂಸತ್ತಿಗೆ ಹೋದ ಮನವಿಗಳಲ್ಲಿ ಸುಮಾರು 26,000 ಸಹಿಗಳಿದ್ದವು. ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್, ಗ್ಯಾಸ್ಕೆಲ್, ಮಾರ್ಟಿನೊ, ಆ್ಯನಾ ಜೇಮ್ಸನ್, ಜೆರಾಲ್ಡಿನ್ ಜ್ಯೂಸ್‌ಬರಿ, ಜೇನ್ ಕಾರ್ಲೈಲ್ ಎಲ್ಲರೂ ಸಹಿ ಮಾಡಿದರು. ಮೇರಿಯನ್ ಎವನ್ಸ್ ಕೂಡ. ಕಾನೂನು ತಟ್ಟದಿದ್ದವರೂ ಅದರಲ್ಲಿದ್ದರು, ಗಂಡ ಒಳ್ಳೆಯವನಾಗಿದ್ದವರೂ ಇದ್ದರು.

ಸಾಹಿತ್ಯವನ್ನು ಹೀಗೆ ಪೌಂಡು ಶಿಲಿಂಗುಗಳಲ್ಲಿ ಅಳೆದರೆ ಅದರ ಘನತೆ ಕುಗ್ಗುವುದಿಲ್ಲವೇ ಎಂಬುದು ಮತ್ತೊಂದು ಆಕ್ಷೇಪ. ಕುಗ್ಗುವುದಿಲ್ಲ, ಯಾಕೆಂದರೆ ಹಣದ ಪ್ರಶ್ನೆ ಆ ಕಾದಂಬರಿಗಳ ಒಳಗೇ ಇದೆ. ಮೂರು ಸಂಪುಟದ ಕಾದಂಬರಿಗೆ 31 ಶಿಲಿಂಗ್ 6 ಪೆನ್ಸ್ ಬೆಲೆ. ಓದುಗರು ಕೊಳ್ಳಲಾರದೆ ವರ್ಷಕ್ಕೆ ಒಂದು ಗಿನಿ ಚಂದಾ ಕಟ್ಟಿ ಮ್ಯೂಡಿಯ ಗ್ರಂಥಾಲಯದಿಂದ ಎರವಲು ತರುತ್ತಿದ್ದರು, ಆದ್ದರಿಂದ ಮ್ಯೂಡಿ ಬಯಸಿದ ಗಾತ್ರವೇ ಕಾದಂಬರಿಯ ಗಾತ್ರ. ಷಾರ್ಲೆಟ್ ಬ್ರಾಂಟೆಯ ಮೊದಲ ಕಾದಂಬರಿ 'ದಿ ಪ್ರೊಫೆಸರ್' ಒಂದು ಸಂಪುಟಕ್ಕೆ ಸಾಲುವಷ್ಟೇ ಇದ್ದು ಎಲ್ಲ ಕಡೆಯಿಂದ ವಾಪಸಾಯಿತು. ಮೂರು ಸಂಪುಟದ್ದಾದರೆ ನೋಡುತ್ತೇವೆಂದು ಸ್ಮಿತ್ ಎಲ್ಡರ್ ಹೇಳಿದಾಗ ಆಕೆ ಆಗಲೇ ಬರೆಯುತ್ತಿದ್ದ 'ಜೇನ್ ಐರ್' ಮುಗಿಸಿ ಕಳಿಸಿದಳು. 1871ರಲ್ಲಿ 'ಮಿಡ್ಲ್‌ಮಾರ್ಚ್' ಎಂಟು ಭಾಗಗಳಾಗಿ, ಒಂದೊಂದಕ್ಕೆ ಐದು ಶಿಲಿಂಗ್ ಬೆಲೆಯಲ್ಲಿ ಬಿಡುಗಡೆಯಾಗತೊಡಗಿದ್ದು ಆ ಹಿಡಿತವನ್ನು ಸಡಿಲಿಸಲೆಂದೇ. ಇನ್ನು ಆ್ಯನ್ ಬ್ರಾಂಟೆಯ 'ಟೆನಂಟ್' ಕಾದಂಬರಿಯಲ್ಲಿ ಹೆಲನ್ ಕುಡುಕ ಗಂಡನನ್ನು ಬಿಟ್ಟು ಮಗನೊಂದಿಗೆ ಓಡಿಹೋಗಿ ಚಿತ್ರ ಬರೆದು ಮಾರಿ ಬದುಕುವ ಯೋಜನೆ ಹಾಕುತ್ತಾಳೆ. ಗಂಡ ಆಕೆಯ ದಿನಚರಿ ಓದಿ, ಬೀಗದ ಕೈ ಕಸಿದು, ಬಣ್ಣ ಕುಂಚಗಳನ್ನು ಬೆಂಕಿಗೆ ಹಾಕುತ್ತಾನೆ. ಓದುಗರು ಅದನ್ನು ಅತಿರೇಕವೆಂದರು. ಆದರೆ ಕಾನೂನಿನ ಪ್ರಕಾರ ಆ ಬಣ್ಣ, ಕುಂಚ, ಕಡೆಗೆ ಮಗ, ಎಲ್ಲವೂ ಅವನವೇ. ಅವನು ಸುಟ್ಟದ್ದು ತನ್ನ ವಸ್ತುಗಳನ್ನೇ. ಹೆಲನ್ ಮುಂದೆ ತಪ್ಪಿಸಿಕೊಂಡು ಬೇರೆ ಹೆಸರಿನಲ್ಲಿ ಚಿತ್ರ ಮಾರುತ್ತಾಳೆ. ಆ್ಯಕ್ಟನ್ ಬೆಲ್ ಎಂಬ ಹೆಸರಿನಲ್ಲಿ ಕಾದಂಬರಿ ಮಾರುತ್ತಿದ್ದವಳಿಗೆ ಅದು ಚೆನ್ನಾಗಿ ಗೊತ್ತಿತ್ತು.

ಇಷ್ಟೆಲ್ಲ ಗೆದ್ದವರ ಕಥೆಯಾಯಿತು, ಸೋತವರೆಷ್ಟು ಎಂದು ಕೇಳುವವರಿಗೆ ನಾನು ಪೂರ್ತಿ ತಲೆಬಾಗುತ್ತೇನೆ. ಆ್ಯನ್ ರ್‍ಯಾಡ್‌ಕ್ಲಿಫ್‌ಗೆ 1794ರಲ್ಲಿ 'ಯುಡೋಲ್ಫೊ'ಗಾಗಿ 500 ಪೌಂಡ್ ಬಂದ ಹೊತ್ತಿನಲ್ಲೇ ಲೆಡನ್‌ಹಾಲ್ ಬೀದಿಯ ಮಿನರ್ವಾ ಪ್ರೆಸ್ಸಿಗೆ ಅಲ್ಪ ಹಣಕ್ಕೆ ಬರೆಯುತ್ತಿದ್ದ ಹೆಂಗಸರು ಹಲವರು. ಕಷ್ಟದಲ್ಲಿದ್ದ ಲೇಖಕರಿಗೆಂದು 1790ರಲ್ಲಿ ಶುರುವಾದ ಸಾಹಿತ್ಯ ನಿಧಿಗೆ ನೆರವು ಕೇಳಿ ಬಂದವರಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದ್ದ ಷಾರ್ಲೆಟ್ ಲೆನಕ್ಸ್ ಇದ್ದಳು, ಮಕ್ಕಳೊಂದಿಗಳಾದ ವಿಧವೆ ಎಲೈಜಾ ಪಾರ್ಸನ್ಸ್ ಇದ್ದಳು. 1859ರಲ್ಲಿ ವಿಧವೆಯಾಗಿ ಸಾಲ ಹೊತ್ತ ಮಾರ್ಗರೆಟ್ ಒಲಿಫೆಂಟ್ ತೊಂಬತ್ತಕ್ಕೂ ಹೆಚ್ಚು ಕಾದಂಬರಿ ಬರೆದು ತನ್ನ ಮಕ್ಕಳನ್ನೂ ಅಣ್ಣಂದಿರನ್ನೂ ಅವರ ಮಕ್ಕಳನ್ನೂ ಸಾಕಿದಳು. ಎಲಿಯಟ್‌ಗೆ ಸಿಕ್ಕಂಥ ನೆಮ್ಮದಿ ನನಗೂ ಸಿಕ್ಕಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದೆನೇ ಎಂಬ ಪ್ರಶ್ನೆ ಆಕೆಯ ಆತ್ಮಕಥೆಯನ್ನು ಕಾಡುತ್ತದೆ. ಈ ಹೆಂಗಸರ ಅರ್ಜಿಗಳು ನನ್ನ ವಾದಕ್ಕೆ ವಿರುದ್ಧವಾಗಿಲ್ಲ. ಗೆದ್ದವರು ಮಾತ್ರವಲ್ಲ, ಸೋತವರೂ ಬರವಣಿಗೆಯನ್ನು ಹೊಟ್ಟೆಪಾಡಿನ ಕೆಲಸವೆಂದೇ ಹಿಡಿದಿದ್ದರು ಎಂಬುದನ್ನು ಅವೇ ಹೇಳುತ್ತವೆ.

1870ರ ಆಗಸ್ಟ್ 9ರಂದು ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಗೆ ಅಂಕಿತ ಬಿತ್ತು. ಅದರ ಮೊದಲನೇ ಕಲಮು ಹೆಂಡತಿಯ ಕೂಲಿ ಮತ್ತು ಗಳಿಕೆಯನ್ನು ಆಕೆಯದೇ ಎಂದು ಸಾರುತ್ತದೆ. ಗಿರಣಿಯ ಕೂಲಿ, ಅಂಗಡಿಯ ವ್ಯಾಪಾರದ ಜೊತೆಗೆ ಸಾಹಿತ್ಯ, ಕಲೆ, ವಿಜ್ಞಾನದ ನೈಪುಣ್ಯದಿಂದ ಗಳಿಸಿದ ಹಣವನ್ನೂ ಪ್ರತ್ಯೇಕವಾಗಿ ಎತ್ತಿ ಹೇಳುತ್ತದೆ. ಲಕ್ಷಾಂತರ ಬಡ ಕಾರ್ಮಿಕ ಹೆಂಗಸರಿಗಾಗಿ ತಂದ ಕಾಯ್ದೆಯಲ್ಲಿ ಬೆರಳೆಣಿಕೆಯ ಲೇಖಕಿಯರಿಗೆ ಬೇರೆ ಉಲ್ಲೇಖ ಸಿಕ್ಕಿದ್ದು ತಾನಾಗಿ ಆದದ್ದಲ್ಲ; ಅದರ ಹಿಂದೆ 1856ರ ಮನವಿಯಿದೆ, ನಾರ್ಟನ್ ಸವಾಲಿದೆ. ಆದರೆ ಆ ಕಲಮು ಕಾಯ್ದೆ ಜಾರಿಯಾದ ನಂತರದ ಗಳಿಕೆಗೆ ಮಾತ್ರ. 1829ರಿಂದ ಕ್ಯಾರೊಲಿನ್ ನಾರ್ಟನ್ ಬರೆದು ದುಡಿದ ನಲವತ್ತು ವರ್ಷದ ಹಣ ಅದರೊಳಗೆ ಬರಲಿಲ್ಲ, ಜಾರ್ಜ್ ನಾರ್ಟನ್ 1875ರವರೆಗೂ ಬದುಕಿದ್ದ. ಹೆಂಡತಿಯ ಎಲ್ಲ ಬಗೆಯ ಆಸ್ತಿಗೂ ಆಕೆಯೇ ಒಡತಿ ಎಂಬ ಪೂರ್ಣ ಕಾಯ್ದೆ 1882ರಲ್ಲಿ ಬಂದು 1883ರ ಜನವರಿ 1ರಿಂದ ಜಾರಿಯಾಯಿತು.